ಮನೆಯ ಏಡಿ, ಪೇಟೆಯ ಏಡಿ

ಏಡಿಗೆ ರಕ್ತ ಇದೆಯೇ ಎಂದು ಕೇಳದ ನೆಂಟರು ನನಗಿಲ್ಲ. ಕದ್ವಾಡದ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರೂ ಊಟಕ್ಕೆ ಕೂತಾಗ ಅದನ್ನೇ ಕೇಳುತ್ತಿದ್ದರು. ಇದೆ, ತಿಳಿ ನೀಲಿ ಬಣ್ಣದ್ದು ಎಂದರೆ ಎಲೆಯ ಮೇಲಿನ ಏಡಿಯ ಸಾರನ್ನೊಮ್ಮೆ ನೋಡಿ ನಗುತ್ತಿದ್ದರು. ಹುಡುಗಿ ಕಾರವಾರದಲ್ಲಿ ಏಡಿಯ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ ಎಂಬ ಸುದ್ದಿ ಹರಡಿ ಒಂದೆರಡು ಸಂಬಂಧ ತಪ್ಪಿಹೋದವು. ಅದರ ಬಗ್ಗೆ ನನಗೆ ದೂರಿಲ್ಲ. ದೂರಿರುವುದು ಬೇರೊಬ್ಬನ ಮೇಲೆ, ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ನನ್ನೆದುರು ಬುತ್ತಿ ಬಿಚ್ಚಿ ಉಂಡವನ ಮೇಲೆ. ಅವನ ಹೆಸರು ಬರೆಯುವುದಿಲ್ಲ. ಜೊತೆಗಾರ ಎಂದೇ ಕರೆಯುತ್ತೇನೆ. ಆ ಮಾತಿಗೆ ಅವನು ಎಷ್ಟು ತಕ್ಕವನು ಎಂಬುದನ್ನು ಓದುವವರೇ ನೋಡಿಕೊಳ್ಳಲಿ.

ನಮ್ಮ ಕೆಲಸ ಏನೆಂದು ಮೊದಲು ಹೇಳಬೇಕು. ಏಡಿಯ ಮೈಯೊಳಗೆ ರೋಗಾಣು ನುಗ್ಗಿದರೆ ಅದರ ಮೇಲೆ ಬೀಳುವುದು ರಕ್ತದಲ್ಲಿ ತೇಲುತ್ತಿರುವ ಕಾವಲು ಕಣಗಳು. ಅವು ರೋಗಾಣುವನ್ನು ಸುತ್ತುವರಿಯುತ್ತವೆ, ನುಂಗುತ್ತವೆ, ಗಾಯಕ್ಕೆ ಕಪ್ಪು ಹೆಪ್ಪು ಕಟ್ಟುತ್ತವೆ, ಕಾದಾಡಿ ಸಾಯುತ್ತವೆ. ಸತ್ತವುಗಳ ಜಾಗಕ್ಕೆ ಹೊಸವು ಬರಬೇಕಲ್ಲ? ಅವು ಹುಟ್ಟುವುದು ಜಠರದ ಮೇಲ್ಬದಿಗೆ ಅಂಟಿಕೊಂಡಿರುವ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿನ ಒಂದು ಹಾಳೆಯಲ್ಲಿ. ಇನ್ನೂ ಯಾವ ಕೆಲಸಕ್ಕೂ ಸೇರದ ತಾಯಿಕಣಗಳು ಅಲ್ಲಿರುತ್ತವೆ. ಸುಖದ ದಿನಗಳಲ್ಲಿ ಅವು ಹೆಚ್ಚುಕಡಿಮೆ ಮಲಗಿಯೇ ಇರುತ್ತವೆ. ಕಾವಲು ಕಣಗಳು ಕಾದಾಟಕ್ಕೆ ಇಳಿದಾಗ ಒಂದು ಸಣ್ಣ ಪ್ರೊಟೀನನ್ನು ರಕ್ತಕ್ಕೆ ಬಿಡುತ್ತವೆ. ಅದು ಹರಿದುಹೋಗಿ ಹಾಳೆಯನ್ನು ಮುಟ್ಟಿದರೆ ತಾಯಿಕಣಗಳು ಎದ್ದು, ಒಡೆದು, ಒಂದು ಎರಡಾಗಿ ಹೊಸ ಕಾವಲಿನವರನ್ನು ಹಡೆಯತೊಡಗುತ್ತವೆ. ಮನುಷ್ಯರ ಎಲುಬಿನ ಮಜ್ಜೆಯಲ್ಲೂ ಇದೇ ಬಗೆಯ ಮಾತುಕತೆ ನಡೆಯುತ್ತದೆ. ಏಡಿಯಲ್ಲಿ ಅದನ್ನು ಕದ್ದು ಕೇಳುವುದು ಸ್ವಲ್ಪ ಸುಲಭ.

ನಮ್ಮ ಪ್ರಶ್ನೆ ಇಷ್ಟೇ: ಆ ಸಂದೇಶ ಹೊರಡಲು ಬರೀ ಗಾಯ ಸಾಕೋ, ಗಾಯದಲ್ಲಿ ರೋಗಾಣುವೂ ಇರಬೇಕೋ? ಅಂಕೋಲೆ ಕಡೆಯ ಸಿಗಡಿ ಕೆರೆಗಳಿಗೆ ರೋಗ ಬಿದ್ದಾಗ ವಾರದೊಳಗೆ ಕೆರೆ ಖಾಲಿಯಾಗುತ್ತದೆ. ಮುಂಚಿತವಾಗಿಯೇ ತಾಯಿಕಣಗಳನ್ನು ಎಬ್ಬಿಸಿ ಇಡಲು ಸಾಧ್ಯವೇ ಎಂಬುದು ಇದರ ಹಿಂದಿನ ಆಸೆ. ಕಡಲ ದಂಡೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾನು, ಜೊತೆಗಾರ, ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಮಾರ್ಗದರ್ಶಕರು, ಇಷ್ಟೇ ಜನ. ನಮ್ಮಿಬ್ಬರದೂ ವರ್ಷ ವರ್ಷ ಮುಂದುವರಿಸುವ ಕೆಲಸ. ಫಲಿತಾಂಶ ಇಲ್ಲದಿದ್ದರೆ ಮಳೆಗಾಲದ ಹೊತ್ತಿಗೆ ಮನೆಗೆ.

ಏಡಿಯನ್ನು ಮಂಜುಗಡ್ಡೆಯ ಮೇಲಿಟ್ಟು ಮಂಪರು ಬರಿಸಿ, ಹಿಂಗಾಲಿನ ಬುಡದ ಮೆತ್ತನೆಯ ಚರ್ಮದಲ್ಲಿ ಸೂಜಿ ತೂರಿಸಿ ರಕ್ತ ಎಳೆಯಬೇಕು. ಹೆಪ್ಪು ತಡೆಯುವ ದ್ರಾವಣ ಸಿರಿಂಜಿನಲ್ಲಿ ಮೊದಲೇ ಇರದಿದ್ದರೆ ಎಳೆಯುವಷ್ಟರಲ್ಲಿ ಅದು ಗಂಜಿಯಂತಾಗುತ್ತದೆ. ಆಮೇಲೆ ಒಡೆಯುತ್ತಿರುವ ಕಣಗಳನ್ನು ಮಾತ್ರ ಸೇರಿಕೊಳ್ಳುವ ಒಂದು ಗುರುತು ದ್ರವ್ಯವನ್ನು ಚುಚ್ಚಬೇಕು. ಮರುದಿನ ಚಿಪ್ಪು ತೆಗೆದು, ಜಠರದ ಮೇಲಿನ ಹಾಳೆಯನ್ನು ಹರಿಯದಂತೆ ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ ಬಣ್ಣ ಕೊಟ್ಟರೆ ಎದ್ದ ಕಣಗಳು ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಮಿನುಗುತ್ತವೆ. ಒಂದು ಗುಂಪಿನ ಏಡಿಗಳಿಗೆ ಗುರುತು ದ್ರವ್ಯ ಬಿಟ್ಟರೆ ಬೇರೇನೂ ಇಲ್ಲ. ಇನ್ನೊಂದಕ್ಕೆ ಬರೀ ಉಪ್ಪುನೀರು. ಮೂರನೆಯದಕ್ಕೆ ಸತ್ತ ರೋಗಾಣುವಿನ ಹೊರಗೋಡೆಯ ಪುಡಿ. ಮೂರನೆಯದು ಹೊಳೆಯಬೇಕು, ಮೊದಲನೆಯದು ಕತ್ತಲಾಗಿರಬೇಕು. ಹಾಳೆ ಬಿಡಿಸುವ ಕೆಲಸ ನನ್ನದೇ ಆಗಿತ್ತು, ಜೊತೆಗಾರನ ಕೈ ಅದಕ್ಕೆ ಒರಟು.

ಏಡಿ ತರುವ ಕೆಲಸ ಅವನದು. ಅವನು ಹುಟ್ಟಿ ಬೆಳೆದದ್ದು ಅಂಕೋಲೆಯ ಬಳಿಯ ಕೇಣಿಯಲ್ಲಿ. ಅವನ ಸೋದರತ್ತೆಯ ಮನೆಯವರು ಹೊಳೆಯ ಬಾಯಲ್ಲಿ ಏಡಿಬಲೆ ಇಡುತ್ತಿದ್ದರು. ಹಿಡಿದದ್ದನ್ನು ಕಟ್ಟುವುದು, ಮಾರುವುದು ಎಲ್ಲ ಅತ್ತೆಯದೇ. ಮೊದಲ ಸಲ ಅವನ ಬೈಕಿನಲ್ಲಿ ಕೂತು ನಾನೂ ಹೋಗಿ ಕರಾರು ಹೇಳಿ ಬಂದಿದ್ದೆ: ಕಾಲು ಮುರಿದಿರಬಾರದು, ಚಿಪ್ಪು ಗಟ್ಟಿಯಿರಬೇಕು, ಗಾಯ ಅಂತೂ ಇರಲೇಬಾರದು, ಕೊಂಬುಗಳನ್ನು, ಅಂದರೆ ಕಚ್ಚುವ ಮುಂಗಾಲುಗಳನ್ನು, ಸುತ್ಲಿ ದಾರದಿಂದ ಕಟ್ಟಿ ಕೊಡಬೇಕು. ಆಕೆ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ಸಾರು ಮಾಡೂಕಲ್ಲ ಅಂದ್ಮೇಲೆ ಇಷ್ಟೆಲ್ಲ ಎಂತಕೆ ಅಕ್ಕೋರೆ?" ಎಂದರು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅನ್ನುವ ಮಾತು ಅದು, ಅಕ್ಕೋರು. ಪುಸ್ತಕ ಹಿಡಿದ ಹೆಂಗಸರೆಲ್ಲ ಅವರಿಗೆ ಅಕ್ಕೋರೇ.

ಕಟ್ಟಿದ ಏಡಿಗಳನ್ನು ಬುಟ್ಟಿಗೆ ಹಾಕುವಾಗ, "ಎಣಿಸ್ಕಳಿ ಅಕ್ಕೋರೆ" ಎಂದರು. ಎಣಿಸಿಕೊಂಡೆ.

ಆ ವರ್ಷ ಪ್ರಯೋಗ ಹೇಳಿದ ಮಾತು ಕೇಳಿತು. ಕತ್ತಲಿರಬೇಕಾದಲ್ಲಿ ಕತ್ತಲು, ಹೊಳೆಯಬೇಕಾದಲ್ಲಿ ಹೊಳಪು. ಉಪ್ಪುನೀರಿನ ಗುಂಪು ಕೂಡ ಕತ್ತಲಾಗಿಯೇ ಇತ್ತು. ಶುದ್ಧವಾದ ಸೂಜಿಯ ಗಾಯವನ್ನು ಏಡಿ ಲೆಕ್ಕಕ್ಕೇ ಇಡುವುದಿಲ್ಲವೇನೋ ಎಂದು ನಾವಿಬ್ಬರೂ ಮಾತಾಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಅವನಿಗೂ ನೆನಪಿರಲೇಬೇಕು. ಮಾರ್ಗದರ್ಶಕರು ಖುಷಿಯಾಗಿ ಇಬ್ಬರ ಕೆಲಸವನ್ನೂ ಮುಂದುವರಿಸಿದರು.

ಮಳೆಗಾಲ ಮುಗಿದು ಬಲೆ ಮತ್ತೆ ನೀರಿಗಿಳಿದಾಗ ಜೊತೆಗಾರನ ಅತ್ತೆ ನನ್ನನ್ನು ಊಟಕ್ಕೆ ಕರೆದರು. ಹೋದೆ. ಸುಮ್ಮನೆ ಕೂರಲಾರದೆ ಅವರ ಜೊತೆ ಅಂಗಳದಲ್ಲಿ ಕೂತು ಬಂಗಡೆ ಹೆರೆದುಕೊಟ್ಟೆ. ನಮ್ಮದು ಗದ್ದೆಯ ಮನೆ, ಮೀನು ಹೆರೆಯುವುದರಲ್ಲಿ ನನ್ನದು ಅಷ್ಟಕ್ಕಷ್ಟೇ. ಅವರು ನೋಡಿ ನೋಡಿ ನಕ್ಕು, "ಬಿಡು ತಂಗಿ, ಬಂಗಡೆ ಎಲ್ಲಾ ಮುಳ್ಳೇ ಉಳೀತದೆ" ಎಂದು ಕತ್ತಿ ಕಸಿದುಕೊಂಡರು. ಆ ಹೊತ್ತಿನಿಂದ ನಾನು ಅಕ್ಕೋರು ಹೋಗಿ ತಂಗಿಯಾದೆ. ನಾನೂ ಅವರನ್ನು ಅಕ್ಕ ಎಂದು ಕರೆಯತೊಡಗಿದೆ. ಹೊರಡುವಾಗ ಏಡಿ ಎಣಿಸಲು ಹೋದರೆ ಕೈ ಮೇಲೊಂದು ಹೊಡೆದು, "ಮನೆಯವ್ರು ಎಣಿಸ್ತ್ರನೆ?" ಎಂದರು. ನನಗೆ ಎಷ್ಟು ಹಿತವಾಯಿತೆಂದರೆ ಬೈಕಿನ ಹಿಂದೆ ಕೂತು ಕಾರವಾರದವರೆಗೂ ಆ ಮಾತನ್ನೇ ನೆನೆಯುತ್ತ ಬಂದೆ.

ಅಲ್ಲಿಂದಾಚೆ ಬಂದ ಏಡಿಗಳು ಬಹಳ ಸಾಧುವಾಗಿದ್ದವು. ಸುತ್ಲಿ ಕತ್ತರಿಸಿ ತೊಟ್ಟಿಗೆ ಬಿಟ್ಟರೂ ಮೊದಲಿನ ಹಾಗೆ ಕೊಂಬೆತ್ತಿ ಮೇಲೆ ಬೀಳುತ್ತಿರಲಿಲ್ಲ. ನಮಗೆ ಅನುಕೂಲವೇ ಆಯಿತು ಎಂದುಕೊಂಡೆ. ಆದರೆ ಆ ಋತುವಿನ ಮೊದಲ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಏನೂ ಮಾಡದ ಏಡಿಯ ಹಾಳೆ ಹಸಿರಾಗಿ ಹೊಳೆಯುತ್ತಿತ್ತು. ಎರಡನೆಯದೂ ಹಾಗೇ. ಉಪ್ಪುನೀರಿನದೂ ಹಾಗೇ. ಮೂರೂ ಗುಂಪುಗಳಲ್ಲಿ ತಾಯಿಕಣಗಳು ಎದ್ದು ಕೂತಿದ್ದವು. ಹೋಲಿಸಿ ನೋಡಲು ಮಲಗಿದ್ದ ಒಂದೇ ಒಂದು ಏಡಿ ಇರಲಿಲ್ಲ. ಹೋಲಿಕೆಗೆ ಆಧಾರವೇ ಇಲ್ಲವೆಂದ ಮೇಲೆ ಪ್ರಯೋಗ ಎಲ್ಲಿಯದು?

ಬಣ್ಣ ಹೆಚ್ಚಾಗಿರಬೇಕೆಂದು ಬಣ್ಣ ಬದಲಾಯಿಸಿದೆ. ನೀರಿನಲ್ಲಿ ಏನೋ ಇರಬೇಕೆಂದು ತೊಟ್ಟಿಗಳನ್ನೆಲ್ಲ ತೊಳೆದು ಒಣಗಿಸಿ ಹೊಸ ಕಡಲ ನೀರು ಸೋಸಿ ತುಂಬಿಸಿದೆ. ಉಪ್ಪಿನಂಶ ಅಳೆದೆ. ಚಿಪ್ಪು ಕಳಚುವ ಹೊತ್ತು ಹತ್ತಿರವಿದ್ದರೆ ಕಣಗಳು ತಾವಾಗಿ ಏಳುತ್ತವೆ ಎಂದು ಪ್ರತಿ ಏಡಿಯ ಈಜುಗಾಲಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಅನುಮಾನವಿದ್ದದ್ದನ್ನು ಬಿಟ್ಟೆ. ಬೆಳಿಗ್ಗೆ ಕೈಗಾ ಸ್ಥಾವರದ ಬಸ್ಸುಗಳು ನಮ್ಮೂರಿನ ರಸ್ತೆ ಹಿಡಿಯುವ ಮೊದಲೇ ಎದ್ದು ಕಾರವಾರಕ್ಕೆ ಹೊರಡುತ್ತಿದ್ದೆ. ಏನೂ ಬದಲಾಗಲಿಲ್ಲ. ಒಂದು ದಿನ ಏಡಿಯನ್ನು ತಿರುಗಿಸಿ ಹಿಡಿದಾಗ ಎರಡೂ ಕೊಂಬಿನ ಗಂಟಿನ ಬಳಿ, ಸುತ್ಲಿ ಇದ್ದ ಜಾಗದಲ್ಲೇ, ಎಳ್ಳಿನಷ್ಟು ಕಪ್ಪು ಚುಕ್ಕೆ ಕಂಡೆ. ಜೊತೆಗಾರನನ್ನು ಕರೆದು ತೋರಿಸಿದೆ.

ಅವನು ಬಗ್ಗಿ ನೋಡಿದ. ತುಸು ಹೊತ್ತು ನೋಡಿದ, ಅದು ಈಗಲೂ ಕಣ್ಣಿಗೆ ಕಟ್ಟಿದೆ. "ಅದು ಕೆಸರಿನ ಕಲೆ ಮಾರಾಯ್ತಿ. ನಮ್ಮ ಹೊಳೆ ಕುರ್ಲಿಗೆ ಎಲ್ಲದಕ್ಕೂ ಇರ್ತದೆ. ನೀನು ಬಣ್ಣನೇ ಇನ್ನೊಂದ್ಸಲ ನೋಡು" ಎಂದ. ಕೇಣಿಯವರ ಬಾಯಲ್ಲಿ ಏಡಿ ಎಂದರೆ ಕುರ್ಲಿ.

ಕೇಣಿಯಲ್ಲಿ ಹುಟ್ಟಿದವನು ಹೇಳಿದ ಮೇಲೆ ಕದ್ವಾಡದವಳು ಏಕೆ ಅನುಮಾನಿಸಬೇಕು? ಬಣ್ಣವನ್ನೇ ಇನ್ನೊಮ್ಮೆ ನೋಡಿದೆ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಮಾರ್ಗದರ್ಶಕರ ಮುಖದಲ್ಲಿ ಮೊದಲಿನ ನಗೆ ಇರಲಿಲ್ಲ. ಈ ಸಲ ಏನೂ ಬರದಿದ್ದರೆ ಮುಂದುವರಿಸುವುದು ಕಷ್ಟ ಎಂದು ಮೆಲ್ಲಗೆ ಹೇಳಿದರು. ಜೊತೆಗಾರ ನನ್ನ ಬುತ್ತಿಗೆ ತನ್ನ ಮನೆಯ ಸುಂಗಟೆ ಚಟ್ನಿ, ಒಣ ಸಿಗಡಿಯದು, ಹಾಕಿ, "ಚಿಂತೆ ಮಾಡ್ಬೇಡ, ಎಂತಾದ್ರೂ ದಾರಿ ಸಿಗ್ತದೆ" ಎಂದು ಸಮಾಧಾನ ಮಾಡುತ್ತಿದ್ದ. ಆ ಚಟ್ನಿಯ ರುಚಿ ನನಗೆ ಈಗ ಹಿಡಿಸುವುದಿಲ್ಲ.

ಹೋಳಿಯ ಮಾರನೆಯ ವಾರ ಅವನು ಗೋವೆಗೆ ಯಾವುದೋ ನೆಂಟರ ಮನೆಯ ಕಾರ್ಯಕ್ಕೆ ಹೋಗುತ್ತೇನೆಂದು ರಜೆ ಹಾಕಿದ. ತೊಟ್ಟಿಗಳು ಖಾಲಿಯಾಗಿದ್ದವು. ಬಸ್ಸು ಹಿಡಿದು ಅಂಕೋಲೆಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಕೇಣಿಗೆ ನಾನೇ ಹೋದೆ. ಹೇಳದೆ ಹೋಗಿದ್ದರಿಂದ ಅಕ್ಕ ಇನ್ನೂ ಅಂಗಳದಲ್ಲಿ ಏಡಿಗಳ ಮುಂದೆ ಕೂತಿದ್ದರು. ಒಂದು ಕಡೆ ಸುತ್ಲಿ ಕಟ್ಟಿದ ಏಡಿಗಳು, ಪೇಟೆಗೆ ಹೋಗುವಂಥವು. ಇನ್ನೊಂದು ಕಡೆ ಒದ್ದೆ ಗೋಣಿಯ ಮೇಲೆ ಕೆಲವು. ಅವುಗಳ ಕೊಂಬಿಗೆ ಸುತ್ಲಿ ಇರಲಿಲ್ಲ. ಅಕ್ಕ ತೆಂಗಿನ ಗರಿಯ ಕಡ್ಡಿಯನ್ನು ಚೂಪಾಗಿ ಸೀಳಿ, ಕೊಂಬಿನ ಗಂಟಿನ ಮೆತ್ತನೆಯ ಚರ್ಮಕ್ಕೆ ಒತ್ತಿ ತೂರಿಸುತ್ತಿದ್ದರು. ಕಡ್ಡಿ ಒಳಗೆ ಹೋದೊಡನೆ ಕೊಂಬು ಸೋತು ಜೋತುಬೀಳುತ್ತಿತ್ತು.

"ಇದೆಂತದು ಅಕ್ಕ?" ಎಂದೆ.

"ಮನೇದು" ಎಂದರು ಅವರು, ತಲೆಯೆತ್ತದೆ. "ಪೇಟೆಗೆ ಹೋಗೂದಕ್ಕೆ ಸುತ್ಲಿ. ಮನೆಯವ್ರಿಗೆ ಕೊಡೂದಕ್ಕೆ ಕಡ್ಡಿ. ಸುತ್ಲಿ ಬಿಚ್ಚುವಾಗ ಕಚ್ಚಿದ್ರೆ ಬೆರಳು ಹೋತದೆ ತಂಗಿ. ತಮ್ಮವ್ರ ಮನೆ ಮಕ್ಕಳ ಬೆರಳು ಹೋಗೂದು ಚೊಲೋನಾ? ಕಡ್ಡಿ ಹಾಕಿ ರಾತ್ರಿ ಇಟ್ರೆ ಬೆಳಿಗ್ಗೆ ಕೊಂಬಿನ ಜೋರೆಲ್ಲ ಇಳೀತದೆ."

"ನನ್ನ ಏಡಿಗೂ ಹಾಕ್ತಿದ್ರಾ?"

"ಹಾಕ್ದೆ? ನೀ ಬಂಗಡೆ ಹೆರ್ದು ಹೋದ ದಿನದಿಂದ ನಿಂದೂ ಮನೇದೇ. ಬೆಳಿಗ್ಗೆ ಕಡ್ಡಿ ತೆಗ್ದು, ನೀ ಹೇಳಿದ್ಯಲ ಅಂತ ಸುತ್ಲಿನೂ ಕಟ್ತಿದ್ದೆ." ಅವರ ಮುಖದಲ್ಲಿ ಹೆಮ್ಮೆಯೇ ಇತ್ತು. "ನಮ್ಮ ಹುಡ್ಗನ್ನೇ ಕೇಳು. ಅವ್ನಿಗೆ ಗೊತ್ತದೆಯಲೆ. ದೀಪಾವಳಿ ಹೊತ್ತಿಗೇ ಕೇಳ್ದ, ಅತ್ತೇ, ಅವ್ಳ ಕುರ್ಲಿಗೂ ಕಡ್ಡಿ ಹಾಕ್ತ್ಯಾ ಅಂತ. ಹೌದು ಅಂದೆ. ಹಾಕು, ಆದ್ರೆ ಅವ್ಳಿಗೆ ಹೇಳ್ಬೇಡ, ಪ್ರಾಣಿಗೆ ನೋವಾದ್ರೆ ಅವ್ಳು ನೊಂದ್ಕಂತಾಳೆ ಅಂದ. ಈಗ ನೀನೇ ಕಂಡ್ಯಲ, ಇನ್ನೆಂತ ಮುಚ್ಚೂದು. ಅವ್ನಿಗೆ ಮಾತ್ರ ಆಗಾಗ ಬೇರೆ ನಾಲ್ಕು, ಕಡ್ಡಿ ಹಾಕ್ದೆ ಇದ್ದದ್ದು ಬೇಕಂತೆ. ಪೇಟೇದ್ರಲ್ಲೇ ತೆಗ್ದು ಕೊಡ್ತಿದ್ದೆ."

ನಾನು ಜಗಲಿಯ ಮೇಲೆ ಕೂತೆ. ಒಂದೇ ಬೈಕು, ಒಂದೇ ದಾರಿ, ಎರಡು ಗಂಟು. ಗಾಯವಾದದ್ದು ನನಗೆ, ಗಾಯವಿಲ್ಲದ್ದು ತನಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುತ್ತಾರಲ್ಲ, ನಾನು ಹುಡುಕುತ್ತಿದ್ದಾಗ ಕೂಸನ್ನು ಸೆರಗಿನಿಂದ ಮುಚ್ಚಿ ಹಿಡಿದು ಜೊತೆಗೆ ಹುಡುಕಿದವನು ಇವನು. ಅಕ್ಕನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಕೊಟ್ಟ ನೀರು ಕುಡಿದು, ಆ ದಿನ ಏಡಿ ತೆಗೆದುಕೊಳ್ಳದೆಯೇ ಹೊರಟೆ.

ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಆದರೂ ಸುಳ್ಳು ಹೇಳಬಾರದು, ಆ ಉರಿಯ ನಡುವೆಯೇ ಒಂದು ಖುಷಿಯೂ ಇತ್ತು. ಕೊಂಬಿನ ಗಂಟಿನಲ್ಲೊಂದು ಸಣ್ಣ ಕಡ್ಡಿ ಹೊಕ್ಕರೆ ದೂರದ ಜಠರದ ಮೇಲಿನ ತಾಯಿಕಣಗಳು ಏಳುತ್ತವೆ! ಅಂದರೆ ಸುದ್ದಿ ರಕ್ತದಲ್ಲೇ ಹರಿದುಹೋಗುತ್ತದೆ. ಹಾಳಾಯಿತು ಎಂದುಕೊಂಡ ನನ್ನ ಆರು ತಿಂಗಳ ಕೆಲಸ ಹಾಳೇ ಆಗಿರಲಿಲ್ಲ. ಮಾರ್ಗದರ್ಶಕರಿಗೆ ಹೇಳಬೇಕೆಂದು ಬಸ್ ನಿಲ್ದಾಣದಿಂದ ನೇರ ಅವರ ಕೋಣೆಗೆ ಹೋದೆ. ಚಪ್ಪಲಿ ಬಿಡುವುದನ್ನೂ ಮರೆತಿದ್ದೆ.

ಅವರು ಪೂರ್ತಿ ಕೇಳಲಿಲ್ಲ. "ಗೊತ್ತು, ಗೊತ್ತು. ಗಾಯದ ವಿಷಯ ತಾನೇ? ಅವನು ಬಹಳ ಚೆಂದ ಮಾಡಿದ್ದಾನೆ. ಇವತ್ತು ಗೋವೆಯ ಸಭೆಯಲ್ಲಿ ಅದನ್ನೇ ಹೇಳುತ್ತಿದ್ದಾನೆ. ನಿಮಗೆ ಹೇಳಿರಬೇಕಲ್ಲ?" ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

ನೆಂಟರ ಮನೆಯ ಕಾರ್ಯ ಎಂದರೆ ಇದು. ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದು ಕತ್ತಲು, ಗಾಯವಿಲ್ಲದ ಏಡಿ. ಇನ್ನೊಂದು ಹಸಿರು. ಕೆಳಗೆ ಬರೆದಿತ್ತು: ಶುದ್ಧ ಸೂಜಿಯಿಂದ ಕೊಂಬಿಗೆ ಗಾಯ ಮಾಡಿದ ಏಡಿ. ಆ ಹಸಿರು ಹಾಳೆಯ ಬಲ ಅಂಚಿನಲ್ಲಿ ಒಂದು ಹರಿವು ಇತ್ತು, ನಡುವೆ ಡೊಂಕಾಗಿ ಮತ್ತೆ ನೇರವಾಗುವ ಹರಿವು. ಬಿಡಿಸುವಾಗ ನನ್ನ ಚಿಮುಟ ಜಾರಿ ಆದದ್ದು ಅದು. ಆ ದಿನ ಹಾಳಾಯಿತೆಂದು ಹಲುಬಿದ್ದೆ, ಪಕ್ಕದಲ್ಲೇ ಇದ್ದ ಅವನು ನಕ್ಕಿದ್ದ. ತಾಯಿಗೆ ತನ್ನ ಮಗುವಿನ ಮಚ್ಚೆ ಗೊತ್ತಿರುವ ಹಾಗೆ ನನಗೆ ಆ ಹರಿವು ಗೊತ್ತು. ನಾನು ಏನೂ ಮಾಡದ ಏಡಿಯೆಂದು ಬಿಡಿಸಿದ ಹಾಳೆ ಅವನ ಕೈಯಲ್ಲಿ ಸೂಜಿಯ ಗಾಯದ ಏಡಿಯಾಗಿತ್ತು. ಕಡ್ಡಿಯ ಸುದ್ದಿಯೇ ಇರಲಿಲ್ಲ.

"ಇದು ನನ್ನ ಗಾಜಿನ ಪಟ್ಟಿ ಸರ್. ಸೂಜಿಯ ಗಾಯ ಅಲ್ಲ, ಕೇಣಿಯ ಕಡ್ಡಿ" ಎಂದೆ. ಎಲ್ಲವನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ದುಷ್ಟರಲ್ಲ, ದಣಿದವರು. "ನೋಡಿ, ಗಾಯ ಗಾಯವೇ ಅಲ್ಲವೇ? ಲೇಖನದಲ್ಲಿ ಎರಡನೆಯ ಹೆಸರು ನಿಮ್ಮದು ಹಾಕೋಣ. ಲೇಖನ ಬಂದರೆ ನಿಮ್ಮಿಬ್ಬರ ಕೆಲಸವೂ ಉಳಿಯುತ್ತದೆ. ಬರದಿದ್ದರೆ ಇಬ್ಬರದೂ ಹೋಗುತ್ತದೆ. ಯೋಚಿಸಿ ಹೇಳಿ."

ಜೊತೆಗಾರ ಮರಳಿ ಬಂದ ದಿನ ಹಿತ್ತಿಲ ಮೆಟ್ಟಿಲ ಮೇಲೆ, ನಾವು ತೊಟ್ಟಿ ತೊಳೆಯುವ ಜಾಗದಲ್ಲಿ ಅವನನ್ನು ನಿಲ್ಲಿಸಿಕೊಂಡು ಕೇಳಿದೆ.

"ಹೇಳೂಕೇ ಇದ್ದೆ ಮಾರಾಯ್ತಿ" ಎಂದ.

"ಯಾವಾಗ? ಅಚ್ಚಾದ ಮೇಲೋ?"

ಅವನ ಮುಖ ಕೆಂಪಾಯಿತು. "ಹೇಳಿದ್ರೆ ನೀನು ಎಂತ ಮಾಡ್ತಿದ್ದೆ? ಬೇರೆ ಕುರ್ಲಿ ತರ್ಸಿ ಹಳೇದನ್ನೇ ಮಾಡ್ತಿದ್ದೆ. ಕಡ್ಡಿ ವಿಷಯ ಅಲ್ಲೇ ಮುಗೀತಿತ್ತು. ಕಡ್ಡಿ ನೋಡಿ ಅರ್ಥ ಮಾಡ್ಕಂಡದ್ದು ನಾನು. ಮನೆ ನಮ್ದು, ಅತ್ತೆ ನಮ್ದು, ಕಡ್ಡಿ ನಮ್ದು. ಕೇಣಿಯವ್ರು ಜನ್ಮ ಪೂರ್ತಿ ನಿಮ್ಗೆಲ್ಲ ಕುರ್ಲಿ ಹಿಡ್ದು ಕೊಡ್ತಾನೇ ಇರ್ಬೇಕಾ?"

ಆ ಕೊನೆಯ ಮಾತು ನನಗೆ ನಾಟಿತು. ಅದರಲ್ಲಿ ನಿಜವಿತ್ತು. ಆದರೆ ನಿಜವಿದ್ದದ್ದಕ್ಕೇ ಸಿಟ್ಟು ಇನ್ನಷ್ಟು ಏರಿತು. "ಹಾಗಿದ್ರೆ ಕಡ್ಡಿ ಅಂತಲೇ ಬರೀಬೇಕಿತ್ತು. ನಿನ್ನ ಅತ್ತೆಯ ಕೈಯ ಕೆಲಸ ಅಳಿಸಿ ಶುದ್ಧ ಸೂಜಿ ಅಂತ ಬರೆದವನು ನೀನೇ ಅಲ್ವಾ?" ಎಂದೆ.

"ಕಡ್ಡಿ ಅಂದ್ರೆ ಯಾರು ಅಚ್ಚು ಮಾಡ್ತ್ರು?" ಎಂದು ಅವನು ಕಡಲ ಕಡೆ ನೋಡಿದ. ಉಂಡ ಮನೆಗೆ ಎರಡು ಬಗೆದವನು ಎಂದು ಬಯ್ಯಬೇಕೆನಿಸಿತು. ಅವನು ನನ್ನನ್ನೂ ಅತ್ತೆಯನ್ನೂ ಸೇರಿಸಿ ಎರಡು ಮನೆಗೆ ಎರಡು ಬಗೆದಿದ್ದ. ಬಯ್ಯಲಿಲ್ಲ, ಅಳು ಬಂದೀತೆಂಬ ಹೆದರಿಕೆ.

ಆ ರಾತ್ರಿಯೆಲ್ಲ ನಾನು ಯೋಚಿಸಿದೆ ಎಂದೇನೂ ಹೇಳುವುದಿಲ್ಲ, ದಣಿದಿದ್ದೆ, ಮಲಗಿಬಿಟ್ಟೆ. ಬೆಳ್ಳಂಬೆಳಿಗ್ಗೆ ಗದ್ದೆಯ ಕಡೆ ಹೋದಾಗ ಮನಸ್ಸು ತಿಳಿಯಾಗಿತ್ತು. ಗಾಯ ಗಾಯವೇ ಅಲ್ಲ. ಹೊಳೆಯ ಕೆಸರು ಹತ್ತಿದ ಕಡ್ಡಿಯ ಮೇಲೆ ರೋಗಾಣು ತುಂಬಿರುತ್ತದೆ. ಬರೀ ಗಾಯ ಸಾಕೋ, ರೋಗಾಣುವೂ ಬೇಕೋ ಎಂಬುದೇ ನಮ್ಮ ಪ್ರಶ್ನೆಯಾಗಿರುವಾಗ ಕಡ್ಡಿಯನ್ನು ಶುದ್ಧ ಸೂಜಿ ಎಂದರೆ ಉತ್ತರವೇ ಸುಳ್ಳಾಯಿತು. ಆ ಸುಳ್ಳನ್ನು ನಂಬಿ ನಾಳೆ ಯಾರೋ ಸಿಗಡಿ ಕೆರೆಯವರಿಗೆ ಸಲಹೆ ಕೊಡುತ್ತಾರೆ. ನಾನು ಹೆಸರು ಹಾಕುವುದಿಲ್ಲ, ಕೆಲಸ ಹೋದರೆ ಹೋಗಲಿ, ಮಳೆಗಾಲದೊಳಗೆ ಒಂದು ಪರೀಕ್ಷೆಗೆ ಅವಕಾಶ ಕೊಡಿ ಎಂದು ಮಾರ್ಗದರ್ಶಕರನ್ನು ಕೇಳಿದೆ. ಅವರು ಆಗಲಿ ಎಂದು ತಲೆಯಾಡಿಸಿದರು.

ಅದಕ್ಕೆ ಬೇಕಾದದ್ದು ಗಾಯವಿಲ್ಲದ ಏಡಿಗಳು. ಮತ್ತೆ ಕೇಣಿಗೆ ಹೋದೆ.

"ಇನ್ಮೇಲೆ ನಂಗೆ ಪೇಟೆಯ ಏಡಿ ಕೊಡಿ ಅಕ್ಕ. ಕಡ್ಡಿ ಹಾಕಬೇಡಿ. ಕಡ್ಡಿ ಬೇರೆ ಒಂದು ಹಿಡಿ ಕೊಡಿ."

ಅವರ ಕೈ ನಿಂತಿತು. "ಎಂತಕೆ ತಂಗಿ? ನಾ ಎಂತ ತಪ್ಪು ಮಾಡ್ದೆ?"

ಏಡಿಯ ರಕ್ತದ ಕಥೆಯನ್ನು ಆದಷ್ಟು ಸರಳವಾಗಿ ಹೇಳಿದೆ. ಸೋದರಳಿಯನ ವಿಷಯ ಹೇಳಲು ಬಾಯಿ ಬರಲಿಲ್ಲ. ಅವರು ಎಲ್ಲ ಕೇಳಿ, "ಹಂಗಾರೆ ಮನೇದು ಬ್ಯಾಡ ಅಂತ್ಯಾ" ಎಂದಷ್ಟೇ ಅಂದು ಸುತ್ಲಿಯ ಉಂಡೆ ಎಳೆದುಕೊಂಡರು.

ಏಡಿಗಳನ್ನು ಮೂರು ಗುಂಪು ಮಾಡಿದೆ. ಒಂದಕ್ಕೆ ಕಡ್ಡಿಯಿಲ್ಲ. ಒಂದಕ್ಕೆ ಅಕ್ಕನ ಅಂಗಳದಿಂದ ತಂದ ಕಡ್ಡಿ, ಹಾಗೆಯೇ. ಇನ್ನೊಂದಕ್ಕೆ ಅದೇ ಕಡ್ಡಿ, ಆದರೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಕೊಂಬನ್ನೂ ಸ್ಪಿರಿಟ್ಟಿನಿಂದ ಒರೆಸಿ ಹಾಕಿದ್ದು. ಗಾಯದ ಅಳತೆ ಒಂದೇ, ಇರುವ ವ್ಯತ್ಯಾಸ ರೋಗಾಣುವಿನದು ಮಾತ್ರ. ಮೊದಲ ಸುತ್ತು ಕೈಕೊಟ್ಟಿತು. ಕರೆಂಟು ಹೋಗಿ ಗಾಳಿಯ ಪಂಪು ನಿಂತು ಏಡಿಗಳು ಸತ್ತವು. ಎರಡನೆಯ ಸುತ್ತಿನ ಹೊತ್ತಿಗೆ ಮುಂಗಾರಿನ ಮೋಡ ಕಟ್ಟುತ್ತಿತ್ತು, ದೋಣಿಗಳು ದಡಕ್ಕೆ ಬರತೊಡಗಿದ್ದವು. ಹಾಳೆಗಳನ್ನು ಬಿಡಿಸಿ ಬಣ್ಣ ಕೊಟ್ಟ ಮೇಲೆ ಯಾವುದು ಯಾವ ಗುಂಪಿನದೆಂದು ಕಾಣದಂತೆ ಗಾಜಿನ ಪಟ್ಟಿಗಳಿಗೆ ಕಾಗದ ಅಂಟಿಸಿ, ಮಾರ್ಗದರ್ಶಕರ ಕೈಗೆ ಕೊಟ್ಟು ನೀವೇ ಎಣಿಸಿ ಎಂದೆ. ಸಿಟ್ಟಿನ ಕಣ್ಣಿಗೆ ತನಗೆ ಬೇಕಾದಷ್ಟೇ ಕಾಣುತ್ತದೆ. ನನ್ನ ಕಣ್ಣನ್ನು ನಾನು ನಂಬಲಿಲ್ಲ.

ಅವರು ಬಗ್ಗಿ ಕೂತು ಮಧ್ಯಾಹ್ನದವರೆಗೂ ಎಣಿಸಿದರು. ಕಾಗದ ಕಿತ್ತಾಗ ಕಡ್ಡಿಯಿಲ್ಲದ ಹಾಳೆಗಳು ಕತ್ತಲು. ಬೇಯಿಸಿದ ಕಡ್ಡಿಯವು ಅಲ್ಲೊಂದು ಇಲ್ಲೊಂದು ಚುಕ್ಕಿ ಬಿಟ್ಟರೆ ಕತ್ತಲೇ. ಹಸಿ ಕಡ್ಡಿಯವು ಮಾತ್ರ ಸಸಿ ಮಡಿಯ ಹಾಗೆ ಹಸಿರು. ಬರೀ ಗಾಯಕ್ಕೆ ತಾಯಿಕಣಗಳು ಏಳುವುದಿಲ್ಲ. ಕಾವಲು ಕಣಗಳು ವೈರಿಯನ್ನು ಕಂಡ ಮೇಲೆಯೇ ಕರೆ ಹೊರಡುತ್ತದೆ. ಮಾರ್ಗದರ್ಶಕರು ನನ್ನ ಮುಖ ನೋಡದೆ, "ಅವನ ಲೇಖನ ನಿಲ್ಲಿಸುತ್ತೇನೆ" ಎಂದರು. ಗೆದ್ದ ಸಂತೋಷ ಬರಬೇಕಿತ್ತು, ಬರಲಿಲ್ಲ. ಊಟದ ಮೇಜಿನಲ್ಲಿ ಎದುರಿನ ಕುರ್ಚಿ ಖಾಲಿಯಾಯಿತು. ಅವನ ಕೆಲಸ ಮುಂದುವರಿಯಲಿಲ್ಲ, ಅವನು ಹೋಗುವಾಗ ನನಗೆ ಹೇಳಿಯೂ ಹೋಗಲಿಲ್ಲ. ನನ್ನದನ್ನು ಇನ್ನೊಂದು ಋತುವಿಗೆ ಮುಂದುವರಿಸಿದರು. ಹೊಸ ಲೇಖನದಲ್ಲಿ ಕಡ್ಡಿ ಎಂದೇ ಬರೆದೆ, ಕೇಣಿಯ ಮನೆಗಳ ಪದ್ಧತಿ ಎಂದೂ ಬರೆದೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಸುದ್ದಿಯನ್ನು ಅಕ್ಕನಿಗೆ ಹೇಳಬೇಕೆಂದು ಕೇಣಿಗೆ ಹೋದೆ. ಏಡಿಯೂ ಬೇಕಿತ್ತು. ಅವರು ಅಂಗಳದಲ್ಲೇ ಇದ್ದರು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ನಾನು ನಿಂತೇ ಇದ್ದೆ.

"ನಮ್ಮ ಹುಡ್ಗ ಹೇಳ್ದ" ಎಂದರು, ಏಡಿಯ ಕೊಂಬಿಗೆ ಸುತ್ಲಿ ಸುತ್ತುತ್ತ. "ನನ್ನ ಕಡ್ಡಿಯಿಂದ್ಲೇ ಅವ್ನ ಕೆಲ್ಸ ಹೋಯ್ತಂತೆ. ಹೌದಾ?"

ತನ್ನ ಸುಳ್ಳಿನ ಭಾರವನ್ನೂ ಅವನು ಕೊನೆಗೆ ಈಕೆಯ ತಲೆಗೇ ಹೊರಿಸಿ ಹೋಗಿದ್ದ. "ಇಲ್ಲ ಅಕ್ಕ, ನಿಮ್ಮ ಕಡ್ಡಿಯದು ಒಂದಿಷ್ಟೂ ತಪ್ಪಿಲ್ಲ. ಕಡ್ಡಿ ಹಾಕಿದ್ದನ್ನ ಅವನು ಮುಚ್ಚಿಟ್ಟ" ಎಂದೆ. ಆದದ್ದನ್ನೆಲ್ಲ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಅವನು ಅವರ ಅಣ್ಣನ ಮಗ, ನಾನು ಒಂದು ದಿನ ಬಂಗಡೆ ಹೆರೆದವಳು.

ಅವರು ಕೊನೆಯ ಏಡಿಯನ್ನೂ ಬಿಗಿಯಾಗಿ ಕಟ್ಟಿ, ಬುಟ್ಟಿಯನ್ನು ನನ್ನ ಮುಂದೆ ಸರಿಸಿದರು.

"ಎಣಿಸ್ಕಳಿ ಅಕ್ಕೋರೆ" ಎಂದರು.

ನಾನು ಎಣಿಸಿಕೊಂಡೆ.